ಹಸಿರು ನಾಣ್ಯ: ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

(ತೆಲಿಗಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗಣಿ ಎಂಬ ಪದದ ಅರ್ಥವನ್ನು ಈ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆಲಿಗಿಯಿಂದ ಕೊಟ್ಟೂರು, ಕೂಡ್ಲಿಗಿಗಳನ್ನು ದಾಟಿ ಮುಂದೆ ಹೋದರೆ ಸಂಡೂರಿನ ಬೆಟ್ಟಸಾಲು ಎದುರಾಗುತ್ತದೆ. ಕಬ್ಬಿಣದ ಅದಿರಿಗಾಗಿ ಆ ಬೆಟ್ಟಗಳ ಒಡಲನ್ನು ಬಗೆದದ್ದು, ಕೆಂಪು ಧೂಳು ಹೊಲದ ಪೈರಿನ ಮೇಲೂ ಮನೆಯ ಮಾಡಿನ ಮೇಲೂ ಕುಳಿತದ್ದು, 2008 ಮತ್ತು 2011ರಲ್ಲಿ ಲೋಕಾಯುಕ್ತರ ವರದಿಗಳು ಬಂದದ್ದು, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಿದ್ದು, ಇವೆಲ್ಲ ಇಲ್ಲಿನ ಹಿರಿಯರ ಕಣ್ಣೆದುರಿನ ಚರಿತ್ರೆ. ಆ ಚರಿತ್ರೆ ಕಲಿಸಿದ ಪಾಠ ಒಂದೇ: ನೆಲ ಊರಿನದು, ಲಾಭ ಬೇರೆಯವರದು, ಧೂಳು ಮತ್ತೆ ಊರಿನದು.

ಇಂದು ಇನ್ನೊಂದು ಬಗೆಯ ಗಣಿಯ ಮಾತು ಹಳ್ಳಿಯ ಯುವಕರ ಮೊಬೈಲುಗಳಿಗೂ ಬಂದು ಮುಟ್ಟಿದೆ. ಅದಕ್ಕೆ ಬೆಟ್ಟ ಬೇಡ, ಲಾರಿ ಬೇಡ, ಸಿಡಿಮದ್ದು ಬೇಡ. ಕಂಪ್ಯೂಟರುಗಳ ಸಾಲು ಮತ್ತು ಕಡಿತವಿಲ್ಲದ ವಿದ್ಯುತ್ತು ಇದ್ದರೆ ಸಾಕು. ಅಲ್ಲಿಂದ ಹೊರಬರುವ ವಸ್ತುವಿನ ಹೆಸರು ಕ್ರಿಪ್ಟೊ ಕರೆನ್ಸಿ, ಅಂದರೆ ಗೂಢಲಿಪಿಯ ನಾಣ್ಯ. ಅದರಿಂದ ಪರಿಸರಕ್ಕೆ ಆಗುವ ಹಾನಿ ಬಯಲಾದ ಮೇಲೆ ‘ಹಸಿರು ನಾಣ್ಯ’ ಎಂಬ ಹೊಸ ಹೆಸರಿನಲ್ಲಿ ಬೇರೆ ಬೇರೆ ನಾಣ್ಯಗಳು ಬಂದಿವೆ. ಗಿಡ ನೆಟ್ಟರೆ ನಾಣ್ಯ, ಸೌರವಿದ್ಯುತ್ ತಯಾರಿಸಿದರೆ ನಾಣ್ಯ, ಕಾಡು ಉಳಿಸಿದರೆ ನಾಣ್ಯ ಎಂಬ ಭರವಸೆಗಳೂ ಅವುಗಳ ಜೊತೆಗಿವೆ. ಇವುಗಳಲ್ಲಿ ಹಳ್ಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದೆಷ್ಟು, ಬಾರದ್ದೆಷ್ಟು ಎಂಬುದೇ ಇಂದಿನ ವಿಚಾರ.

ಬೆಟ್ಟವಿಲ್ಲದ ಗಣಿ

ಮೊದಲು ಈ ನಾಣ್ಯ ಹುಟ್ಟುವ ಬಗೆಯನ್ನು ತಿಳಿಯಬೇಕು. ಬಿಟ್‌ಕಾಯಿನ್ ಎಂಬುದು ಇಂಥ ನಾಣ್ಯಗಳಲ್ಲಿ ಮೊದಲನೆಯದು. ಸತೋಷಿ ನಾಕಾಮೊಟೊ ಎಂಬ ಗುಪ್ತನಾಮದಲ್ಲಿ 2008ರಲ್ಲಿ ಪ್ರಕಟವಾದ ಒಂದು ಲೇಖನದಿಂದ ಹುಟ್ಟಿ, 2009ರ ಜನವರಿಯಲ್ಲಿ ಅದು ಚಾಲನೆಗೆ ಬಂತು. ಅದು ಲೋಹದ ನಾಣ್ಯವೂ ಅಲ್ಲ, ಕಾಗದದ ನೋಟೂ ಅಲ್ಲ. ಅದೊಂದು ಲೆಕ್ಕದ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದನ್ನು ಅದರಲ್ಲಿ ಪುಟಪುಟವಾಗಿ ಬರೆಯಲಾಗುತ್ತದೆ. ಒಂದು ಪುಟಕ್ಕೆ ಹಿಂದಿನ ಪುಟದ ಗುರುತನ್ನು ಹೊಲಿದಿರುವುದರಿಂದ ನಡುವಿನ ಪುಟವನ್ನು ಹರಿದು ತಿದ್ದುವುದು ಅಸಾಧ್ಯವೆನ್ನುವಷ್ಟು ಕಷ್ಟ. ಈ ಹೊಲಿಗೆಗೇ ಬ್ಲಾಕ್‌ಚೈನ್ ಎಂಬ ಹೆಸರು. ಪುಸ್ತಕದ ಪ್ರತಿಗಳು ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತವೆ. ಬ್ಯಾಂಕಿನ ಮ್ಯಾನೇಜರನಾಗಲಿ ಶಾನುಭೋಗನಾಗಲಿ ಇದಕ್ಕಿಲ್ಲ.

ಹಾಗಾದರೆ ಹೊಸ ಪುಟವನ್ನು ಬರೆಯುವವರು ಯಾರು? ಅದಕ್ಕೊಂದು ಪೈಪೋಟಿ ಏರ್ಪಟ್ಟಿದೆ. ಸುಮಾರು 10 ನಿಮಿಷಕ್ಕೊಮ್ಮೆ ಒಂದು ಕಠಿಣ ಸಂಖ್ಯೆಯ ಒಗಟು ಎದುರಾಗುತ್ತದೆ. ಬುದ್ಧಿಯಿಂದ ಬಿಡಿಸುವ ಒಗಟಲ್ಲ ಅದು. ಬೀಗದ ಸಾವಿರ ಕೋಟಿ ಕೀಲಿಕೈಗಳನ್ನು ಒಂದೊಂದಾಗಿ ತಿರುಗಿಸಿ ನೋಡುವಂಥದು. ಮೊದಲು ಬೀಗ ತೆರೆದವರಿಗೆ ಪುಟ ಬರೆಯುವ ಹಕ್ಕೂ ಬಹುಮಾನವಾಗಿ ಹೊಸ ನಾಣ್ಯಗಳೂ ದೊರೆಯುತ್ತವೆ. 2024ರ ಏಪ್ರಿಲ್‌ನಿಂದ ಈ ಬಹುಮಾನ ಪ್ರತಿ ಪುಟಕ್ಕೆ 3.125 ಬಿಟ್‌ಕಾಯಿನ್. ಗೆದ್ದವರು ಒಬ್ಬರೇ ಆದರೂ ಸೋತ ಲಕ್ಷಾಂತರ ಯಂತ್ರಗಳು ಸುಟ್ಟ ವಿದ್ಯುತ್ತು ಹಿಂದಕ್ಕೆ ಬರುವುದಿಲ್ಲ. ಇದಕ್ಕೆ ಗಣಿಗಾರಿಕೆ ಎಂದು ಹೆಸರಿಟ್ಟವರು ತಿಳಿದೋ ತಿಳಿಯದೆಯೋ ಸರಿಯಾದ ಹೆಸರನ್ನೇ ಇಟ್ಟಿದ್ದಾರೆ.

ಇದರ ವೆಚ್ಚವೆಷ್ಟು? ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬಿಟ್‌ಕಾಯಿನ್ ಗಣಿಗಾರಿಕೆಯೊಂದೇ ವರ್ಷಕ್ಕೆ ಸುಮಾರು 13,800 ಕೋಟಿ ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. ಜಗತ್ತು ಬಳಸುವ ಒಟ್ಟು ವಿದ್ಯುತ್ತಿನಲ್ಲಿ ಇದು ಶೇಕಡ ಅರ್ಧದಷ್ಟು. ಕರ್ನಾಟಕ ರಾಜ್ಯವಿಡೀ ಒಂದು ವರ್ಷ ಬಳಸುವ ವಿದ್ಯುತ್ತಿಗಿಂತಲೂ ಇದು ಹೆಚ್ಚು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವ ಹೊತ್ತನ್ನು ಕಾಯುತ್ತ ನಡುರಾತ್ರಿ ಹೊಲಕ್ಕೆ ಹೋಗುವ ರೈತನಿಗೆ ಈ ಅಂಕಿಯ ತೂಕ ತಾನಾಗಿಯೇ ತಿಳಿಯುತ್ತದೆ. ಇದರ ಮೇಲೆ ಕಸದ ಲೆಕ್ಕ ಬೇರೆ. ಗಣಿಯ ಯಂತ್ರಗಳು ಬೇರೆ ಯಾವ ಕೆಲಸಕ್ಕೂ ಬಾರದಂಥವು. ಹೊಸ ಯಂತ್ರ ಬಂದೊಡನೆ ಹಳೆಯದು ಕಸ. ವರ್ಷಕ್ಕೆ ಸುಮಾರು 30 ಸಾವಿರ ಟನ್ ವಿದ್ಯುನ್ಮಾನ ಕಸ ಹೀಗೆ ಹುಟ್ಟುತ್ತದೆಂದು 2021ರ ಒಂದು ಅಧ್ಯಯನ ಅಂದಾಜು ಮಾಡಿತ್ತು.

‘ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿನಿಂದ ಈ ಗಣಿ ನಡೆಸಿದರೆ ದೋಷವೇನು?’ ಎಂದು ಕೇಳುವವರಿದ್ದಾರೆ. ಅದೇ ಕೇಂಬ್ರಿಜ್ ವರದಿಯಂತೆ ಬಿಟ್‌ಕಾಯಿನ್‌ಗೆ ಬಳಕೆಯಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಪಾಲು ಜಲ, ಗಾಳಿ, ಸೌರ ಹಾಗೂ ಪರಮಾಣು ಮೂಲದ್ದು. ಹರಪನಹಳ್ಳಿ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೂ ಗಾಳಿಯಂತ್ರಗಳು ತಿರುಗುತ್ತಿವೆ. ಆದರೆ ಗಾಳಿಯಂತ್ರಕ್ಕೂ ಗುಡ್ಡದ ನೆಲ ಬೇಕು, ದಾರಿ ಬೇಕು, ಕುರಿಗಾಹಿಯ ಹುಲ್ಲುಗಾವಲು ಬೇಕು. ಅಷ್ಟನ್ನು ಕೊಟ್ಟು ಪಡೆದ ವಿದ್ಯುತ್ತಿನಿಂದ ಒಂದು ಹಿಟ್ಟಿನ ಗಿರಣಿ ನಡೆಯಬೇಕೋ, ಎಂದೂ ಮುಗಿಯದ ಸಂಖ್ಯೆಯ ಒಗಟು ನಡೆಯಬೇಕೋ ಎಂಬ ಪ್ರಶ್ನೆ ಮೂಲ ಹಸಿರಾದ ಮಾತ್ರಕ್ಕೆ ಮಾಯವಾಗುವುದಿಲ್ಲ.

ಹಸಿರೆನಿಸಿಕೊಂಡ ನಾಣ್ಯಗಳು

ಈ ದೋಷವನ್ನು ತಿದ್ದುವ ಪ್ರಯತ್ನಗಳು ನಡೆದಿವೆ. ಅವುಗಳಲ್ಲಿ ಬಹುದೊಡ್ಡದು ಇಥೀರಿಯಂ ಎಂಬ ನಾಣ್ಯಜಾಲದ್ದು. 2022ರ ಸೆಪ್ಟೆಂಬರ್ 15ರಂದು ಅದು ಒಗಟಿನ ಪೈಪೋಟಿಯನ್ನೇ ಕೈಬಿಟ್ಟಿತು. ಅದರ ಬದಲು ಠೇವಣಿಯ ಪದ್ಧತಿಯನ್ನು ತಂದಿತು. ಪುಟ ಬರೆಯಲು ಬಯಸುವವರು ಕನಿಷ್ಠ 32 ಈಥರ್ ನಾಣ್ಯಗಳನ್ನು ಅಡವಿಡಬೇಕು. ಸುಳ್ಳು ಬರೆದರೆ ಆ ಅಡವು ಮುಟ್ಟುಗೋಲಾಗುತ್ತದೆ. ಈ ಒಂದು ಬದಲಾವಣೆಯಿಂದ ಆ ಜಾಲದ ವಿದ್ಯುತ್ ಬಳಕೆ ಶೇಕಡ 99ಕ್ಕಿಂತಲೂ ಹೆಚ್ಚು ತಗ್ಗಿತು. ಇದು ನಿಜವಾದ ಸಾಧನೆ. ಲೆಕ್ಕವಿಡಲು ವಿದ್ಯುತ್ತನ್ನು ಸುಡಬೇಕಾಗಿಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಎಲ್ಲ ‘ಹಸಿರು’ಗಳ ಕಥೆ ಇಷ್ಟು ಚೊಕ್ಕವಾಗಿಲ್ಲ. 2021ರಲ್ಲಿ ಚಿಯಾ ಎಂಬ ನಾಣ್ಯ ಹೊರಬಂತು. ಅದು ವಿದ್ಯುತ್ತಿನ ಬದಲಿಗೆ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ ಖಾಲಿ ಇರುವ ಜಾಗವನ್ನು ಪೈಪೋಟಿಯ ಆಧಾರ ಮಾಡಿಕೊಂಡು, ಗಣಿಗಾರಿಕೆಗೆ ‘ಬೇಸಾಯ’ ಎಂದು ಹೆಸರಿಟ್ಟಿತು. ಜನ ಹಾರ್ಡ್‌ಡಿಸ್ಕುಗಳಿಗೆ ಮುಗಿಬಿದ್ದರು. ಕೆಲವು ದೇಶಗಳಲ್ಲಿ ಅವುಗಳ ಅಭಾವ ತಲೆದೋರಿ ಬೆಲೆ ಏರಿತು. ವಿದ್ಯುತ್ತಿನಲ್ಲಿ ಉಳಿಸಿದ್ದು ಕಸದ ರೂಪದಲ್ಲಿ ಮರಳುವ ಭಯ ಎದುರಾಯಿತು. ಅದಕ್ಕೂ ಮೊದಲು, 2014ರಲ್ಲಿ, ಸೋಲಾರ್‌ಕಾಯಿನ್ ಎಂಬುದು ಹುಟ್ಟಿತ್ತು. 1,000 ಯೂನಿಟ್ ಸೌರವಿದ್ಯುತ್ ತಯಾರಿಸಿದವರಿಗೆ ಒಂದು ನಾಣ್ಯ ಉಡುಗೊರೆ. ಉದ್ದೇಶ ಒಳ್ಳೆಯದೇ. ಆದರೆ ಆ ನಾಣ್ಯವನ್ನು ಕೊಂಡು ಅಕ್ಕಿ ಅಳೆದುಕೊಡುವ ಅಂಗಡಿ ಎಲ್ಲಿತ್ತು? 2018ರ ನಂತರ ಅದರ ಬೆಲೆ ಕೆಲವೇ ಸೆಂಟುಗಳಿಗೆ ಕುಸಿಯಿತು. ನಾಣ್ಯಕ್ಕೆ ಬೆಲೆ ಬರುವುದು ಅದನ್ನು ಒಪ್ಪಿಕೊಳ್ಳುವ ಕೈಗಳಿಂದ. ಆ ಕೈಗಳ ಬಳಗವಿಲ್ಲದೆ ಹಸಿರು ಬಣ್ಣವೊಂದೇ ಯಾವ ನಾಣ್ಯವನ್ನೂ ನಡೆಸಲಾರದು.

ಇಥೀರಿಯಂನ ಠೇವಣಿ ಪದ್ಧತಿಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ಅಲ್ಲಿ ಹೆಚ್ಚು ಠೇವಣಿ ಇಟ್ಟವರಿಗೆ ಪುಟ ಬರೆಯುವ ಅವಕಾಶವೂ ಹೆಚ್ಚು, ಪ್ರತಿಫಲವೂ ಹೆಚ್ಚು. ವಿದ್ಯುತ್ತಿನ ದೃಷ್ಟಿಯಿಂದ ಹಸಿರಾದ ಪುಸ್ತಕ, ಅಧಿಕಾರದ ದೃಷ್ಟಿಯಿಂದ ಉಳ್ಳವರ ಪುಸ್ತಕವೇ ಆಗಿ ಉಳಿಯಿತು. ಲೆಕ್ಕದ ಪುಸ್ತಕ ಉಳ್ಳವರ ಕೈಯಲ್ಲಿದ್ದಾಗ ಏನಾಗುತ್ತದೆ ಎಂಬುದನ್ನು ಈ ಸೀಮೆ ಕಂಪ್ಯೂಟರ್ ಬರುವುದಕ್ಕೆ ಬಹಳ ಮುಂಚೆಯೇ ಕಂಡಿದೆ.

ಸಾಹುಕಾರನ ವಹಿ, ಸಂಘದ ವಹಿ

ಒಂದು ಕಾಲಕ್ಕೆ ಹಳ್ಳಿಯ ಸಾಲದ ಲೆಕ್ಕವೆಲ್ಲ ಸಾಹುಕಾರನ ವಹಿಯಲ್ಲಿ ಇರುತ್ತಿತ್ತು. ಓದು ಬಾರದ ರೈತನ ಹೆಬ್ಬೆಟ್ಟಿನ ಮೇಲೆ ಯಾವ ಅಂಕಿ ಬರೆದಿದೆಯೆಂದು ರೈತನಿಗೆ ಗೊತ್ತಿರಲಿಲ್ಲ. ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ನಿಲ್ಲುತ್ತಿದ್ದ. ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರದ ಕಾಯ್ದೆ ಬಂದದ್ದು 1976ರಲ್ಲಿ. ಆಯಗಾರಿಕೆಯ ಹೆಸರಿನಲ್ಲಿ ಸುಗ್ಗಿಯ ಕಣದಲ್ಲಿ ಕಾಳು ಹಂಚುವ ವ್ಯವಸ್ಥೆಯಲ್ಲಿಯೂ ಯಾರಿಗೆಷ್ಟು ಎಂದು ನಿರ್ಧರಿಸುತ್ತಿದ್ದದ್ದು ಜಾತಿ ಮತ್ತು ಜಮೀನು. ಆದ್ದರಿಂದ ‘ಹಿಂದೆ ಹಣವಿಲ್ಲದೆಯೇ ಊರು ಸುಖವಾಗಿ ನಡೆಯುತ್ತಿತ್ತು’ ಎಂದು ಹಳೆಯದನ್ನೆಲ್ಲ ಹೊಗಳುವುದು ಸತ್ಯಕ್ಕೆ ದೂರ.

ಆ ವಹಿಯನ್ನು ಜನರ ಕೈಗೆ ತಂದ ಒಂದು ಘಟನೆ ತುಂಗಭದ್ರೆಯ ಆಚೆ ದಡದ ನಾಡಿನಲ್ಲಿ ನಡೆಯಿತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಹುಟ್ಟಿದ ಈ ಸಂಘ ಏಷ್ಯಾ ಖಂಡದ ಮೊದಲ ಸಹಕಾರ ಸಂಘವೆಂದು ಹೆಸರು ಪಡೆದಿದೆ. ಆಗ ಗದಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಹರಪನಹಳ್ಳಿ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಡಳಿತದ ಗೆರೆ ನಡುವೆ ಇದ್ದರೂ ಎರಡೂ ಕಡೆಯ ರೈತರ ಸಾಲದ ಬವಣೆ ಒಂದೇ ಆಗಿತ್ತು.

ಸಹಕಾರ ಸಂಘದ ಮೂಲತತ್ತ್ವ ಒಬ್ಬ ಸದಸ್ಯನಿಗೆ ಒಂದು ಮತ. ಹತ್ತು ಷೇರು ಇರುವವನಿಗೂ ಒಂದೇ, ಒಂದು ಷೇರಿನವನಿಗೂ ಒಂದೇ. ಠೇವಣಿಗೆ ತಕ್ಕಂತೆ ಹಕ್ಕು ಹಂಚುವ ಇಂದಿನ ನಾಣ್ಯಜಾಲಗಳ ಪಕ್ಕದಲ್ಲಿಟ್ಟು ನೋಡಿದಾಗ ನೂರು ವರ್ಷ ಹಿಂದಿನ ಈ ತತ್ತ್ವವೇ ಹೆಚ್ಚು ಮುಂದುವರಿದದ್ದಾಗಿ ಕಾಣುತ್ತದೆ. ಅನೇಕ ಸಹಕಾರ ಸಂಘಗಳು ಮುಂದೆ ರಾಜಕೀಯದ ಕೈಗೆ ಸಿಕ್ಕು ಸೊರಗಿದವು ಎಂಬುದೂ ನಿಜ. ಸದಸ್ಯರು ಸಭೆಗೆ ಹೋಗುವುದನ್ನೂ ಲೆಕ್ಕ ಕೇಳುವುದನ್ನೂ ಬಿಟ್ಟ ಕಡೆಯಲ್ಲೆಲ್ಲ ಹಾಗಾಗಿದೆ. ತತ್ತ್ವ ಕಾಗದದ ಮೇಲಿದ್ದರೆ ಸಾಲದು, ಪ್ರತಿವರ್ಷ ಅದನ್ನು ಚಲಾಯಿಸಬೇಕು.

ಮುಯ್ಯಿ ಮತ್ತು ಸರಾಫು

ಹಳ್ಳಿಯಲ್ಲಿ ಹಣವಿಲ್ಲದೆ ನಡೆಯುವ ಲೆಕ್ಕಗಳಲ್ಲಿ ಸಮಾನತೆಗೆ ಹತ್ತಿರವಾದದ್ದು ಮುಯ್ಯಿ. ಒಂದು ಮನೆಯ ಬಿತ್ತನೆಗೋ ಕಳೆ ತೆಗೆಯುವುದಕ್ಕೋ ಈರುಳ್ಳಿ ಕೀಳುವುದಕ್ಕೋ ನೆರೆಮನೆಯವರು ಹೋಗಿ ದುಡಿಯುತ್ತಾರೆ. ಅವರ ಹೊಲದ ಸರದಿ ಬಂದಾಗ ಈ ಮನೆಯವರು ಹೋಗಿ ತೀರಿಸುತ್ತಾರೆ. ಮುಯ್ಯಾಳಿಗೆ ಕೂಲಿಯಿಲ್ಲ, ಋಣವಿದೆ. ಬಡ್ಡಿಯಿಲ್ಲ, ನೆನಪಿದೆ. ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿಯೂ ಹೊಲದ ಕೆಲಸ ನಿಲ್ಲದಂತೆ ಕಾಯ್ದದ್ದು ಈ ವ್ಯವಸ್ಥೆ. ಕೂಲಿಯ ಹಣ, ಟ್ರ್ಯಾಕ್ಟರಿನ ಬಾಡಿಗೆ, ಕಳೆನಾಶಕದ ಸೀಸೆ ಬಂದ ಮೇಲೆ ಮುಯ್ಯಿ ಕ್ಷೀಣಿಸಿತು. ಆದರೂ ಮದುವೆಯ ಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಇಂದಿಗೂ ಪುಸ್ತಕದಲ್ಲಿ ಬರೆದಿಡುವ ವಾಡಿಕೆ ಉಳಿದಿದೆ.

ಈ ಮುಯ್ಯಿಯಂಥದೇ ಒಂದು ವ್ಯವಸ್ಥೆ ಆಫ್ರಿಕದ ಕೀನ್ಯಾ ದೇಶದಲ್ಲಿದೆ. ಅಲ್ಲಿನ ಕರಾವಳಿಯ ಮಿಜಿಕೆಂಡ ಜನರು ಸರದಿಯ ಮೇಲೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುವುದಕ್ಕೆ ‘ಮ್ವೆರಿಯಾ’ ಎನ್ನುತ್ತಾರೆ. ಅದೇ ಸೀಮೆಯ ಮೊಂಬಾಸಾ ನಗರದಲ್ಲಿ ‘ಬಾಂಗ್ಲಾದೇಶ’ ಎಂಬ ಹೆಸರಿನದೊಂದು ಬಡವರ ಬಡಾವಣೆಯಿದೆ. 2013ರಲ್ಲಿ ಅಲ್ಲಿನ ಚಿಕ್ಕ ವ್ಯಾಪಾರಿಗಳು ತಮ್ಮೊಳಗೆ ಚಲಾವಣೆಗೆಂದು ‘ಬಾಂಗ್ಲಾ ಪೆಸಾ’ ಎಂಬ ಚೀಟಿಗಳನ್ನು ಮಾಡಿಕೊಂಡರು. ಕೈಯಲ್ಲಿ ದೇಶದ ಹಣವಿಲ್ಲದ ದಿನ ತರಕಾರಿಯವಳು ದರ್ಜಿಗೆ, ದರ್ಜಿ ನೀರು ಹೊರುವವನಿಗೆ, ನೀರು ಹೊರುವವನು ಮತ್ತೆ ತರಕಾರಿಯವಳಿಗೆ ಈ ಚೀಟಿ ಕೊಟ್ಟು ವ್ಯವಹಾರ ಮುಂದುವರಿಸಬಹುದಿತ್ತು. ಸರ್ಕಾರಕ್ಕೆ ಇದು ಖೋಟಾ ನೋಟಿನಂತೆ ಕಂಡಿತು. ಯೋಜನೆಯ ರೂವಾರಿ ವಿಲ್ ರಡಿಕ್ ಹಾಗೂ ಬಡಾವಣೆಯ ಐವರ ಮೇಲೆ ಮೊಕದ್ದಮೆ ಹೂಡಲಾಯಿತು. ಕೆಲವು ತಿಂಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಆ ಚೀಟಿ ಮುಂದೆ ‘ಸರಾಫು’ ಎಂಬ ಹೆಸರಿನಲ್ಲಿ ಬ್ಲಾಕ್‌ಚೈನ್ ಲೆಕ್ಕಕ್ಕೆ ಬದಲಾಯಿತು. ಬಿಟ್‌ಕಾಯಿನ್‌ನಂತೆ ವಿದ್ಯುತ್ ಸುಡದ ಜಾಲವನ್ನೇ ಅದು ಆಯ್ದುಕೊಂಡಿತು. ಬಳಸಲು ದುಬಾರಿ ಫೋನೂ ಬೇಕಾಗಿರಲಿಲ್ಲ. ಗುಂಡಿಯ ಮೊಬೈಲಿನಲ್ಲಿ ಸಂಖ್ಯೆ ಒತ್ತಿದರೆ ಸಾಕಿತ್ತು. 2020ರ ಕೊರೊನಾ ಕಾಲದಲ್ಲಿ, ಪೇಟೆ ಮುಚ್ಚಿ ಹಣ ಬತ್ತಿದಾಗ, ಇದರ ಬಳಕೆ ಬಹಳವಾಗಿ ಹೆಚ್ಚಿತು. 2020ರ ಆರಂಭದಿಂದ 2021ರ ನಡುವಿನವರೆಗಿನ ದಾಖಲೆಗಳಲ್ಲಿ ಸುಮಾರು 40 ಸಾವಿರ ಖಾತೆಗಳಿವೆ. ಪರಿಸರಕ್ಕೆ ಹಿತವಾದ ನಾಣ್ಯವೊಂದು ಬಡವರ ದಿನನಿತ್ಯದ ಬದುಕಿಗೆ ಉಪಯೋಗವಾದ ಉದಾಹರಣೆಯನ್ನು ಹುಡುಕಿದರೆ ಮೊದಲು ಸಿಗುವುದು ಇದೇ.

ಇದರಿಂದ ಕಲಿಯಬೇಕಾದದ್ದನ್ನು ಸರಿಯಾಗಿ ಕಲಿಯಬೇಕು. ಸರಾಫು ನಡೆದದ್ದು ಬ್ಲಾಕ್‌ಚೈನ್‌ನ ಬಲದಿಂದ ಎನ್ನುವುದಕ್ಕಿಂತ, ಒಬ್ಬರನ್ನೊಬ್ಬರು ಬಲ್ಲ ನೆರೆಹೊರೆಯವರು ‘ನಿನ್ನ ಚೀಟಿಯನ್ನು ನಾನು ಒಪ್ಪುತ್ತೇನೆ’ ಎಂದು ಮಾತು ಕೊಟ್ಟ ಬಲದಿಂದ ಎನ್ನುವುದು ಸರಿ. ಯಂತ್ರ ಆ ಮಾತನ್ನು ದಾಖಲಿಸಿತು. ಮಾತೇ ಇಲ್ಲದ ಕಡೆ ಯಂತ್ರ ದಾಖಲಿಸುವುದಕ್ಕೆ ಏನೂ ಇರುವುದಿಲ್ಲ.

ಬಾಗೇಪಲ್ಲಿಯ ಒಲೆ, ಇಂಗಾಲದ ಪತ್ರ

‘ಗಿಡ ನೆಟ್ಟರೆ, ಹೊಗೆ ಕಡಿಮೆ ಮಾಡಿದರೆ ನಾಣ್ಯ’ ಎಂಬ ಭರವಸೆಗೂ ಕರ್ನಾಟಕದಲ್ಲಿ ಹಳೆಯ ನಿದರ್ಶನವಿದೆ. ಆಗಿನ ಕೋಲಾರ ಜಿಲ್ಲೆಯ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಮತ್ತು ಸುತ್ತಲಿನ ತಾಲೂಕುಗಳಲ್ಲಿ ಕೃಷಿಕೂಲಿಗಳೂ ಸಣ್ಣ ರೈತರೂ ಸೇರಿ ಕಟ್ಟಿದ ಬಾಗೇಪಲ್ಲಿ ಕೂಲಿ ಸಂಘವಿದೆ. ಅದೂ ಈ ಸೀಮೆಯಂತೆ ಮಳೆ ಕಡಿಮೆಯ ನಾಡು. ಅಲ್ಲಿನ 5,500 ಮನೆಗಳಿಗೆ ಗೋಬರ್ ಗ್ಯಾಸ್ ಘಟಕ ಕಟ್ಟಿಸುವ ಯೋಜನೆಯನ್ನು ಸಂಘ ಸಿದ್ಧಪಡಿಸಿತು. ಸೌದೆ ಮತ್ತು ಸೀಮೆಎಣ್ಣೆಯ ಬಳಕೆ ತಗ್ಗುವುದರಿಂದ ವರ್ಷಕ್ಕೆ ಸುಮಾರು 19,500 ಟನ್ ಇಂಗಾಲದ ಅನಿಲ ಉಳಿಯುತ್ತದೆಂದು ಲೆಕ್ಕ ಹಾಕಿ, ವಿಶ್ವಸಂಸ್ಥೆಯ ಕ್ಯೋಟೊ ಒಪ್ಪಂದದ ಅಡಿಯಲ್ಲಿ 2005ರ ಡಿಸೆಂಬರಿನಲ್ಲಿ ಅದನ್ನು ನೋಂದಾಯಿಸಲಾಯಿತು. ಹೀಗೆ ಉಳಿದ ಪ್ರತಿ ಟನ್ನಿಗೂ ಒಂದು ಪತ್ರ. ಆ ಪತ್ರವನ್ನು ಹೊರದೇಶದವರು ಹಣ ಕೊಟ್ಟು ಕೊಳ್ಳಬಹುದು.

ಇಲ್ಲಿ ಪತ್ರದ ಹಿಂದೆ ಕಾಣುವ ವಸ್ತುವಿತ್ತು. ಸಗಣಿ ಕಲಸಿದ ಗುಂಡಿ, ಉರಿಯುವ ಒಲೆ, ಹೊಗೆಯಿಲ್ಲದ ಅಡುಗೆಮನೆ. ಯಾವ ಮನೆಯ ಘಟಕ ನಡೆಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬ ದಾಖಲೆಯಿಲ್ಲದೆ ಪತ್ರ ಹುಟ್ಟುವಂತಿರಲಿಲ್ಲ. ಪೇಟೆಯಲ್ಲಿ ಪತ್ರದ ಬೆಲೆ ಏನೇ ಆಗಲಿ, ಒಲೆ ಮಾತ್ರ ಆ ಮನೆಯ ಹೆಣ್ಣುಮಗಳ ಪಾಲಿಗೆ ಉಳಿಯುತ್ತಿತ್ತು. ಈ ಕೊನೆಯ ಮಾತು ಮುಖ್ಯ. ಏಕೆಂದರೆ 2011ರಲ್ಲಿ ಹತ್ತು ಯೂರೋಗಳ ಆಸುಪಾಸಿನಲ್ಲಿದ್ದ ಇಂಥ ಪತ್ರಗಳ ಪೇಟೆ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತಲೂ ಕೆಳಗಿಳಿಯಿತು. ಪತ್ರವನ್ನಷ್ಟೇ ನಂಬಿದವರು ಮುಳುಗಿದರು.

ಹತ್ತು ವರ್ಷಗಳ ಬಳಿಕ ಇದೇ ಇಂಗಾಲದ ಪತ್ರಗಳನ್ನು ಬ್ಲಾಕ್‌ಚೈನ್‌ಗೆ ಏರಿಸುವ ಉತ್ಸಾಹ ಹುಟ್ಟಿತು. 2021ರ ಅಕ್ಟೋಬರಿನಲ್ಲಿ ಬಂದ ಕ್ಲೈಮಾ ಎಂಬ ನಾಣ್ಯ ಆರಂಭದಲ್ಲಿ 3 ಸಾವಿರ ಡಾಲರಿಗೂ ಮೇಲೇರಿ, ಮರುವರ್ಷವೇ ಕೆಲವೇ ಡಾಲರುಗಳಿಗೆ ಬಿತ್ತು. ಪೇಟೆಯಲ್ಲಿ ಯಾರೂ ಕೇಳದೆ ಉಳಿದಿದ್ದ ಹಳೆಯ ಪತ್ರಗಳೇ ಬಹುಪಾಲು ಅದರ ಬುಡದಲ್ಲಿದ್ದವು. ಬಳಸಿ ರದ್ದಾದ ಪತ್ರಗಳನ್ನು ಹೀಗೆ ನಾಣ್ಯವಾಗಿಸುವುದನ್ನು ಪತ್ರ ನೀಡುವ ವೆರಾ ಸಂಸ್ಥೆ 2022ರ ಮೇ ತಿಂಗಳಲ್ಲಿ ನಿಷೇಧಿಸಿತು. ಬಾಗೇಪಲ್ಲಿಯಲ್ಲಿ ಒಲೆ ಉಳಿಯಿತು. ಇಲ್ಲಿ ಉಳಿಯುವಂಥದು ಏನೂ ಇರಲಿಲ್ಲ.

ಕಾನೂನಿನ ಮಾತು, ವಂಚನೆಯ ಮಾತು

ಭಾರತದಲ್ಲಿ ಕ್ರಿಪ್ಟೊ ಕರೆನ್ಸಿಗೆ ಅಧಿಕೃತ ಹಣದ ಸ್ಥಾನವಿಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ನಡೆಸುವವರಿಗೆ ಬ್ಯಾಂಕ್ ಸೇವೆ ನೀಡಬಾರದೆಂದು ಆದೇಶಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. 2022ರ ಏಪ್ರಿಲ್‌ನಿಂದ ಇದರ ಲಾಭದ ಮೇಲೆ ಶೇಕಡ 30 ತೆರಿಗೆ ವಿಧಿಸಲಾಗಿದೆ. ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರ ಇದಕ್ಕೆ ಹೊಣೆ ನಿಂತಿದೆ ಎಂದು ಯಾರೂ ತಿಳಿಯಬಾರದು. ಇನ್ನು 2022ರ ಡಿಸೆಂಬರ್ 1ರಿಂದ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ಪ್ರಯೋಗಕ್ಕೆ ಬಂದ ಡಿಜಿಟಲ್ ರೂಪಾಯಿ ಬೇರೆಯೇ ವಸ್ತು. ಅದು ರಿಸರ್ವ್ ಬ್ಯಾಂಕೇ ಹೊರಡಿಸಿದ ರೂಪಾಯಿ. ಅದರ ಪುಸ್ತಕ ರಿಸರ್ವ್ ಬ್ಯಾಂಕಿನ ಕೈಯಲ್ಲಿದೆ.

ಹಳ್ಳಿಯೊಂದು ತನ್ನದೇ ನೋಟನ್ನು ಅಚ್ಚು ಹಾಕಿ ಚಲಾಯಿಸುವುದಕ್ಕೂ ಕಾನೂನಿನ ಅಡ್ಡಿಯಿದೆ. ಕೈಯಲ್ಲಿ ಹಿಡಿದವರಿಗೆ ಕೇಳಿದಾಗ ಹಣ ಕೊಡುವೆನೆಂಬ ಪತ್ರವನ್ನು ಖಾಸಗಿಯವರು ಹೊರಡಿಸುವುದನ್ನು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೆಯ ಕಲಮು ನಿಷೇಧಿಸುತ್ತದೆ. ಮೊಂಬಾಸಾದವರು ಎದುರಿಸಿದ ಮೊಕದ್ದಮೆಯ ನೆನಪು ಇಲ್ಲಿ ಇರಬೇಕು.

ಹಣ ಕಳೆದುಕೊಂಡವರ ಕಥೆಗಳೂ ದೇಶದಲ್ಲಿ ಬಹಳ ನಡೆದಿವೆ. ಗೇನ್ ಬಿಟ್‌ಕಾಯಿನ್ ಎಂಬ ಯೋಜನೆ 2015ರ ಸುಮಾರಿಗೆ ಆರಂಭವಾಗಿ, ತಿಂಗಳಿಗೆ ಶೇಕಡ 10ರಂತೆ 18 ತಿಂಗಳು ಲಾಭ ಕೊಡುವೆನೆಂದು ಸಾರಿ ಸಾವಿರಾರು ಜನರಿಂದ ಹೂಡಿಕೆ ಸಂಗ್ರಹಿಸಿತು. ಲಾಭ ಬರಲಿಲ್ಲ, ಅಸಲೂ ಹೋಯಿತು. ತನಿಖೆ ಸಿಬಿಐವರೆಗೆ ಹೋಯಿತು. ಭದ್ರಾ ನಾಲೆಯ ಕೊನೆಯ ಅಂಚಿನ ರೈತರಿಗೆ ಇಂಥ ಯೋಜನೆಗಳ ಗುಟ್ಟು ಬೇಗ ಅರ್ಥವಾಗುತ್ತದೆ. ಮೊದಲ ತೂಬಿನವರಿಗೆ ನೀರು ಹರಿದಂತೆ ಮೊದಲು ಸೇರಿದವರಿಗೆ ಹಣ ಹರಿಯುತ್ತದೆ. ಆ ಹಣ ಬರುವುದು ಹಿಂದೆ ಸೇರಿದವರ ಕಿಸೆಯಿಂದ. ಹಳ್ಳಿಗೆ ಈ ಸುದ್ದಿ ತಲುಪುವ ಹೊತ್ತಿಗೆ ಹಳ್ಳಿ ಯಾವಾಗಲೂ ಕೊನೆಯ ತೂಬೇ ಆಗಿರುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಹಸಿರು ನಾಣ್ಯವೆಂದು ಯಾರಾದರೂ ಊರಿಗೆ ಬಂದರೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿಯೋ ಗ್ರಾಮಸಭೆಯಲ್ಲಿಯೋ ಐದು ಪ್ರಶ್ನೆಗಳನ್ನು ಬಹಿರಂಗವಾಗಿ ಕೇಳಬೇಕು.

ಮೊದಲನೆಯದು, ಈ ಲೆಕ್ಕದ ಪುಸ್ತಕವನ್ನು ಬರೆಯುವವರು ಯಾರು, ಅವರನ್ನು ಬದಲಾಯಿಸುವ ಹಕ್ಕು ಊರಿಗೆ ಇದೆಯೇ? ಎರಡನೆಯದು, ಇದನ್ನು ನಡೆಸಲು ಎಷ್ಟು ವಿದ್ಯುತ್ತು, ಎಂಥ ಯಂತ್ರ ಬೇಕು? ಮೂರನೆಯದು, ಈ ನಾಣ್ಯವನ್ನು ಕೊಟ್ಟರೆ ಊರಿನ ಯಾವ ಅಂಗಡಿಯವರು, ಯಾವ ಬೀಜದವರು, ಯಾವ ಗಿರಣಿಯವರು ಪದಾರ್ಥ ಕೊಡುತ್ತಾರೆ? ನಾಲ್ಕನೆಯದು, ನಾಳೆ ಇದರ ಬೆಲೆ ಸೊನ್ನೆಯಾದರೆ ಊರಿನಲ್ಲಿ ಉಳಿಯುವ ವಸ್ತು ಯಾವುದು? ಒಲೆಯೇ, ಕೆರೆಯೇ, ಮರವೇ, ಅಥವಾ ಏನೂ ಇಲ್ಲವೇ? ಐದನೆಯದು, ಇದಕ್ಕಾಗಿ ಗೋಮಾಳವನ್ನಾಗಲಿ ಗುಡ್ಡವನ್ನಾಗಲಿ ಕೆರೆಯಂಗಳವನ್ನಾಗಲಿ ಯಾವುದಾದರೂ ಕರಾರಿಗೆ ಬರೆದುಕೊಡಬೇಕೇ, ಎಷ್ಟು ವರ್ಷಕ್ಕೆ? ಇಂಗಾಲದ ಕರಾರುಗಳು ಹತ್ತಾರು ವರ್ಷಗಳವಾಗಿರಬಹುದು. ಇಂದು ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಆ ಗುಡ್ಡದಲ್ಲಿ ಕುರಿ ಮೇಯಿಸಲು ಅಪ್ಪಣೆ ಕೇಳಬೇಕಾದೀತು. ಸಂಡೂರಿನ ಪಾಠ ಬೇರೆ ವೇಷದಲ್ಲಿ ಮರಳಬಾರದು.

ಈ ಐದರಲ್ಲಿ ಒಂದಕ್ಕಾದರೂ ನೇರ ಉತ್ತರ ಬಾರದಿದ್ದರೆ ಸಂಘದ ಉಳಿತಾಯದಿಂದ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳ ಪಾಲಿನ ಕೆಲಸ

ಬೇಡವೆನ್ನುವುದಷ್ಟೇ ಚಳವಳಿಯ ಕೆಲಸವಲ್ಲ. ಈ ಹೊಸ ತಂತ್ರದ ಒಳಗೆ ಒಂದು ಒಳ್ಳೆಯ ತಿರುಳಿದೆ: ಎಲ್ಲರೂ ನೋಡಬಹುದಾದ, ಯಾರೂ ಗುಟ್ಟಾಗಿ ತಿದ್ದಲಾಗದ ಲೆಕ್ಕ. ಆ ತಿರುಳನ್ನು ಪಡೆಯಲು ನಾಣ್ಯ ಕೊಳ್ಳಬೇಕಾಗಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ತಮ್ಮ ಓಣಿಯಲ್ಲಿಯೇ ಅದನ್ನು ಆರಂಭಿಸಬಹುದು.

ಇಪ್ಪತ್ತು ಮನೆಗಳು ಸೇರಿ ಮುಯ್ಯಿಯ ಪುಸ್ತಕವೊಂದನ್ನು ತೆರೆಯಲಿ. ಕೆರೆಯ ಹೂಳೆತ್ತಲು, ಬದು ಹಾಕಲು, ಬೀಜ ಹಂಚಿಕೊಳ್ಳಲು ಯಾರು ಎಷ್ಟು ಹೊತ್ತು ಕೊಟ್ಟರೆಂದು ಅದರಲ್ಲಿ ಬರೆಯಲಿ. ಒಬ್ಬರ ಒಂದು ಗಂಟೆ ಇನ್ನೊಬ್ಬರ ಒಂದು ಗಂಟೆಗೆ ಸಮ. ಗಂಡಿನ ಗಂಟೆಗೂ ಹೆಣ್ಣಿನ ಗಂಟೆಗೂ, ಮೇಲಿನ ಕೇರಿಯವರ ಗಂಟೆಗೂ ಕೆಳಗಿನ ಕೇರಿಯವರ ಗಂಟೆಗೂ ವ್ಯತ್ಯಾಸವಿಲ್ಲ. ಹಳೆಯ ಆಯಗಾರಿಕೆ ಒಪ್ಪದಿದ್ದ ಸಮಾನತೆಯನ್ನು ಈ ಪುಸ್ತಕ ಮೊದಲ ಪುಟದಲ್ಲಿಯೇ ಬರೆದುಕೊಳ್ಳಬೇಕು. ವಾರಕ್ಕೊಮ್ಮೆ ಆ ಲೆಕ್ಕದ ಮೂರು ಪ್ರತಿಗಳು ಮೂರು ಮನೆಗಳಲ್ಲಿರಲಿ, ಒಂದು ಪ್ರತಿ ಶಾಲೆಯ ಗೋಡೆಯ ಮೇಲಿರಲಿ. ಓದು ಬಾರದವರಿಗೆ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಒಂದು ಪ್ರತಿಯನ್ನು ತಿದ್ದಿದರೆ ಉಳಿದವು ಸಾಕ್ಷಿ ನುಡಿಯುತ್ತವೆ. ಬ್ಲಾಕ್‌ಚೈನ್ ಸಾವಿರಾರು ಕಂಪ್ಯೂಟರುಗಳಿಂದ ಮಾಡುವ ಕೆಲಸದ ಸಾರವನ್ನು ಇಪ್ಪತ್ತು ಮನೆಗಳ ಮಟ್ಟಿಗೆ ಎರಡು ರೂಪಾಯಿಯ ಪೆನ್ಸಿಲ್ ಮಾಡುತ್ತದೆ. ಇದು ನೋಟಲ್ಲ, ಮಾರಾಟದ ವಸ್ತುವಲ್ಲ. ನೆರೆಹೊರೆಯ ಋಣದ ಟಿಪ್ಪಣಿ. ಪುಸ್ತಕ ದೊಡ್ಡದಾಗಿ, ಹತ್ತಾರು ಊರುಗಳಿಗೆ ಹಬ್ಬಿ, ಒಬ್ಬರನ್ನೊಬ್ಬರು ಮುಖತಃ ಬಲ್ಲದ ಸ್ಥಿತಿ ಬಂದಾಗ ಮಾತ್ರ ಕಂಪ್ಯೂಟರಿನ ಲೆಕ್ಕದ ಅಗತ್ಯವನ್ನು ಯೋಚಿಸಬಹುದು. ಆಗಲೂ ವಿದ್ಯುತ್ ಸುಡದ, ಒಬ್ಬರಿಗೊಂದೇ ಮತದ ಪದ್ಧತಿಯನ್ನೇ ಆರಿಸಿಕೊಳ್ಳಬೇಕು.

ಕಣಗಿನಹಾಳದ ರೈತರು 1905ರಲ್ಲಿ ಸಾಹುಕಾರನ ವಹಿಯನ್ನು ಸಂಘದ ಮೇಜಿನ ಮೇಲೆ ತಂದಿಟ್ಟರು. ಆ ಪುಸ್ತಕ ಇಂದು ಮತ್ತೆ ಊರಿನ ಕೈಯಿಂದ ಜಾರಿ, ಎಲ್ಲಿಯೋ ಇರುವ ಯಂತ್ರಗಳ ಕೈಗೆ ಹೋಗುವ ಕಾಲ ಬಂದಿದೆ. ನಾಣ್ಯ ಯಾವ ಬಣ್ಣದ್ದೇ ಆಗಲಿ, ಅದನ್ನು ತೆಗೆದುಕೊಳ್ಳುವ ಮೊದಲು ಲೆಕ್ಕದ ಪುಸ್ತಕವನ್ನು ತೋರಿಸಲು ಹೇಳುವ ಧೈರ್ಯ ತೆಲಿಗಿಯ ಪ್ರತಿ ಮನೆಯಲ್ಲಿಯೂ ಇರಲಿ. ತೋರಿಸಿದ ಪುಸ್ತಕವನ್ನು ಓದಿ ಹೇಳುವ ಜವಾಬ್ದಾರಿ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳದು.